ಹದಿನಾಲ್ಕು ಕಾರು, ಒಂದು ಹೆಲ್ಮೆಟ್

ಏಳನೆಯ ಕಾರಿನ ಸೀಟಿನ ಮೇಲೂ ಅದೇ ಹೆಲ್ಮೆಟ್ ಕೂತಿತ್ತು. ನೀಲಿ ಬಣ್ಣ, ಹಿಂಬದಿಯಲ್ಲಿ ಹಳದಿ ಗುಬ್ಬಿಯ ಚಿತ್ರ. ಗಾದಿಲಿಂಗನಿಗೆ ಗುರುತು ಹತ್ತದೆ ಇದ್ದೀತೇ? ಮಗಳು ಭವ್ಯ ಇವತ್ತಿನ ಕಾರ್ ರೇಸಿಗೆ ಹೆಸರು ಕೊಟ್ಟಳೆಂದು ಹೋದ ತಿಂಗಳು ತಾನೇ ತರಿಸಿಕೊಟ್ಟದ್ದು. ಬೆಳಗಿನಿಂದ ಅವನು ಒಂದು ಕಾರು ತಪಾಸಣೆ ಮುಗಿಸಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಅದು ಮುಂಚೆಯೇ ಬಂದು ಕಾದು ಕೂತಿರುತ್ತಿತ್ತು.

“ಯಾರದಪ್ಪ ಇದು?” ಎಂದು ಕೇಳಿದ.

“ನಮ್ದ ರೀ ಸರ,” ಎಂದ ಪಂಪೇಶ. ವಾರವೆಲ್ಲ ಇದೇ ಕಾರಿನಲ್ಲಿ ಪ್ರವಾಸಿಗರಿಗೆ ಹಂಪಿ ಸುತ್ತಿಸುವವನು. ತಾನೇ ತಿದ್ದಿಕೊಂಡ: “ಅಂದ್ರ, ಎಲ್ಲಾರ್ದೂ ರೀ. ಭವ್ಯಕ್ಕನ ಮನಸು ಭಾಳ ದೊಡ್ಡದು. ಕೇಳಿದ ಕೂಡ್ಲೆ ಕೊಟ್ಲು.”

ತಪಾಸಣೆಯ ಹಾಳೆಯಲ್ಲಿ ‘ಹೆಲ್ಮೆಟ್ ಇದೆಯೇ?’ ಎಂದಿತ್ತು. ಎಷ್ಟು ತಲೆಗೆ ಒಂದು ಎಂದು ಕೇಳಿರಲಿಲ್ಲ. ಗಾದಿಲಿಂಗ ‘ಇದೆ’ ಎಂದು ಬರೆದ. ಸುಳ್ಳೇನಲ್ಲವಲ್ಲ. ಸೀಟ್ ಬೆಲ್ಟಿನ ಕೊಂಡಿಗೆ ಬರೀ ಕ್ಲಿಪ್ಪೊಂದನ್ನು ಸಿಕ್ಕಿಸಿ ‘ಬೆಲ್ಟ್ ಹಾಕಿಲ್ಲ’ ಎಂದು ಕೀಂಗುಟ್ಟುವ ಕಾರಿನ ಬಾಯಿ ಮುಚ್ಚಿಸಲಾಗಿತ್ತು. ಬೆಲ್ಟು ಸೀಟ್ ಕವರಿನ ಹಿಂದೆ ಹಾಯಾಗಿ ಮಲಗಿತ್ತು. ಅದಕ್ಕೂ ‘ಇದೆ’. ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಖಾಲಿ ಎಂದು ತೋರಿಸುತ್ತಿತ್ತು. ಸಿಲಿಂಡರಂತೂ ಇತ್ತು, ಅದಕ್ಕೂ ‘ಇದೆ’. ಚಕ್ರದಡಿಯ ನಿಂಬೆಹಣ್ಣುಗಳು ಮಾತ್ರ ಪ್ರತಿ ಕಾರಿಗೂ ಬೇರೆಬೇರೆ ಇದ್ದವು, ಒಳ್ಳೆಯ ತಾಜಾ ಹಣ್ಣುಗಳು.

ವಡ್ಡು ಊರಿನ ಕಡೆಯ ಕಾರ್ಖಾನೆಯೊಂದರಲ್ಲಿ ಗಾದಿಲಿಂಗ ಸೇಫ್ಟಿ ಆಫೀಸರ್. ಅಲ್ಲಿ ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದಕ್ಕೆ ಬಿಗಿಯದವನನ್ನು ಗೇಟಿನಿಂದಲೇ ಮನೆಗೆ ಅಟ್ಟುವ ಗಂಡಸು. ಆದರೆ ಇವತ್ತು ಭಾನುವಾರ. ಮೇಲಾಗಿ ರೇಸಿನ ಅಧ್ಯಕ್ಷ, ಕಂಪ್ಲಿಯ ರೈಸ್ ಮಿಲ್ಲಿನ ಮರಿಸ್ವಾಮಿ, ಬೆಳಗಾಗುತ್ತಲೇ ಅವನಿಗೆ ಶಾಲು ಹೊದಿಸಿ, ಪೇಟ ಸುತ್ತಿ, ತಪಾಸಣೆಯ ಹಾಳೆ ಕೈಗಿಟ್ಟು, ಮೈಕಿನಲ್ಲಿ ‘ಸುರಕ್ಷತೆಯ ಸರದಾರ’ ಎಂದು ಕರೆದುಬಿಟ್ಟಿದ್ದ. ಶಾಲು ಹೊದ್ದವನ ಬಾಯಿಂದ ‘ಇಲ್ಲ’ ಎಂಬ ಮಾತು ಹೊರಡುವುದು ಕಷ್ಟ. ಮೊದಲ ಕಾರನ್ನು ಪಾಸು ಮಾಡಿದ ಮೇಲೆ ಎರಡನೆಯದನ್ನು ತಡೆಯುವುದು ಇನ್ನೂ ಕಷ್ಟ. ಹದಿನಾಲ್ಕೂ ಪಾಸಾದವು.

ಸಂಡೂರಿನ ಹತ್ತಿರ ಗಣಿ ಲಾರಿಗಳು ಓಡಾಟ ಬಿಟ್ಟ ನೇರ ರಸ್ತೆ. ಎರಡೆರಡು ಕಾರು ಜೋಡಿಯಾಗಿ ನಾನೂರು ಮೀಟರ್ ಓಡಬೇಕು. ಜೋಡಿಗೆ ತಲೆ ಎರಡು, ಹೆಲ್ಮೆಟ್ ಒಂದು. ಮರಿಸ್ವಾಮಿ ಅದಕ್ಕೂ ನ್ಯಾಯವಾದ ದಾರಿ ಹುಡುಕಿದ. ಟಾಸ್ ಹಾಕಿಸಿದ. ಗೆದ್ದವನ ತಲೆಗೆ ಹೆಲ್ಮೆಟ್, ಸೋತವನ ತಲೆಗೆ ದೇವರು. ಪಂಪೇಶ ಸೋತು ಬರಿತಲೆಯಲ್ಲಿ ಓಡಿದ. ಕೊನೆಯಲ್ಲಿ ಬ್ರೇಕು ಹಿಡಿಯದೆ ಅವನ ಕಾರು ಜಾರಿ, ಬದಿಯ ಕೆಂಪು ಮಣ್ಣಿನ ಗುಡ್ಡೆಗೆ ಮೂಗು ತೂರಿಸಿ ನಿಂತಿತು. ಅವನ ಹಣೆಯ ಮೇಲೆ ಮೊಟ್ಟೆಗಾತ್ರದ ಬುಗುಟು ಎದ್ದಿತು. ಶಾಮಿಯಾನದಲ್ಲಿದ್ದ ಗಾದಿಲಿಂಗ ಆಗ ಎಳನೀರಿನ ಸ್ಟ್ರಾ ಸರಿಮಾಡಿಕೊಳ್ಳುತ್ತಿದ್ದ. “ಈಗಿನ ಹುಡುಗ್ರು ಭಾಳ ಗಟ್ಟಿ ಅದಾರ್ರಿ,” ಎಂದು ಪಕ್ಕದವರಿಗೆ ಹೇಳಿದ.

ಕೊನೆಯ ಜೋಡಿ ಭವ್ಯ ಮತ್ತು ಮರಿಸ್ವಾಮಿಯ ಮಗ ವೀರೇಶ. ನಾಣ್ಯ ಮೇಲೆ ಹೋಗಿ ಕೆಳಗೆ ಬಿತ್ತು. ತನ್ನದೇ ಹೆಲ್ಮೆಟ್ಟಿನ ಟಾಸಿನಲ್ಲಿ ಭವ್ಯ ಸೋತಳು. ಕೂದಲಿಗೆ ರಬ್ಬರ್ ಬ್ಯಾಂಡ್ ಬಿಗಿದುಕೊಂಡು ನಗುನಗುತ್ತಾ ಕಾರು ಹತ್ತಿದಳು. ಇಷ್ಟು ವರ್ಷ ಬೇರೆಯವರಿಗೆ ಪಾಠ ಹೇಳಿದ್ದ ಭಯ ಈಗ ಗಾದಿಲಿಂಗನಿಗೇ ಬಂದಿತ್ತು. ಪೇಟ ಒಂದು ಕಡೆ, ಶಾಲು ಒಂದು ಕಡೆ ಬಿದ್ದರೂ ಲೆಕ್ಕಿಸದೆ ಓಡಿದ.

“ನಿಲ್ಲಸ್ರಿ! ಆಕಿ ತಲಿಗೆ ಹೆಲ್ಮೆಟ್ ಇಲ್ಲ!”

“ಐತಲ್ರಿ,” ಎಂದು ಮರಿಸ್ವಾಮಿ ಹಾಳೆ ತೆಗೆದ. “ಹದಿನಾಲ್ಕನೇ ಗಾಡಿ. ಹೆಲ್ಮೆಟ್ ಇದೆ. ಸಹಿ ನಿಮ್ದ.”

“ಅದು ನಿಮ್ಮ ಮಗನ ತಲಿ ಮ್ಯಾಲ ಐತಿ!”

“ಯಾರ ತಲಿ ಮ್ಯಾಲ ಅಂತ ನೀವೂ ಕೇಳಿಲ್ಲ, ನಾವೂ ಹೇಳಿಲ್ಲ. ಜಲ್ದಿ ಸರೀರಿ ಸರ, ಹೊತ್ತಾತು.”

ಮಾತಿನಲ್ಲಿ ಗೆಲ್ಲುವುದು ಸಾಧ್ಯವಿಲ್ಲವೆಂದು ಗಾದಿಲಿಂಗನಿಗೆ ತಿಳಿಯಿತು. ನೆಟ್ಟಗೆ ಹೋಗಿ ಭವ್ಯಳ ಕಾರಿನ ಮುಂದೆ, ಕಾದ ಡಾಂಬರಿನ ಮೇಲೆ, ಚಕ್ಕಂಬಕ್ಕಲ ಹಾಕಿ ಕೂತುಬಿಟ್ಟ. ಮರಿಸ್ವಾಮಿ ಮೈಕು ಕೈಗೆತ್ತಿಕೊಂಡ.

“ದಯವಿಟ್ಟು ಕೇಳ್ರಿ. ಹೆಲ್ಮೆಟ್ ಇಲ್ಲದವರು ಯಾರೂ ಟ್ರ್ಯಾಕಿನ ಮ್ಯಾಲ ಕುಂದ್ರಂಗಿಲ್ಲ. ರೂಲ್ಸ್ ಅಂದ್ರ ರೂಲ್ಸ್.”

ಜನ ಚಪ್ಪಾಳೆ ತಟ್ಟಿದರು. ಬೆಳಗಿನಿಂದ ಆ ರಸ್ತೆಯ ಮೇಲೆ ಜಾರಿಗೆ ಬಂದ ಮೊದಲ ನಿಯಮ ಅದು. ಭವ್ಯ ಇಂಜಿನ್ ಆರಿಸಿ ಇಳಿದು ಬಂದು ಅಪ್ಪನ ಎದುರು ಕುಕ್ಕರುಗಾಲಲ್ಲಿ ಕೂತಳು. ಗಾದಿಲಿಂಗ ಅವಳ ಎರಡೂ ಕೈ ಹಿಡಿದುಕೊಂಡ.

“ಬ್ಯಾಡವ್ವ. ನಿನಗೇನರ ಆದ್ರ ನಾ ಬದುಕಂಗಿಲ್ಲ.”

“ಓಡ್ಸಲ್ಲ, ಏಳಪ್ಪ,” ಎಂದಳು ಭವ್ಯ. ಅವಳ ನೋಟ ಅಪ್ಪನನ್ನು ದಾಟಿ, ತಣ್ಣೀರಿನ ಬಾಟಲಿಯನ್ನು ಹಣೆಗೆ ಒತ್ತಿಕೊಂಡು ನಿಂತಿದ್ದ ಪಂಪೇಶನ ಮೇಲೆ ನಿಂತಿತ್ತು. “ಹೆಲ್ಮೆಟ್ ಸುತ್ತಾಕ ಬಿಟ್ಟಿದ್ದು ನನ್ನ ತಪ್ಪು, ಒಪ್ಕೋತೀನಿ. ಆದ್ರ ಮುಂಜಾನಿ ಅವನೂ ಬರೇ ತಲೀಲೆ ಓಡಿದ್ನಲ್ಲಪ್ಪ. ಅವಾಗ ಎಲ್ಲಿ ಕುಂತಿದ್ದಿ?”