ಹುಡುಗ ಪಾಸ್

ಮೊನ್ನೆ ಮೊಮ್ಮಗಳ ಧಾರೆ ಸೀರೆಯಿಂದ ಒಂದೆಳೆ ಕಿತ್ತು ಅಂಗಡಿಯಲ್ಲೇ ಸುಟ್ಟು ನೋಡಿದೆ. ಕೂದಲು ಸುಟ್ಟಂಥ ವಾಸನೆ ಬಂತು, ಅಪ್ಪಟ ರೇಷ್ಮೆ! ಸಂತೋಷಕ್ಕೆ ಕಣ್ಣು ತುಂಬಿತು, ಜೊತೆಗೆ ನಮ್ಮ ಬಸವನಗುಡಿ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ತಾತ ಚಿಕ್ಕಪೇಟೆಯ ರೇಷ್ಮೆ ಅಂಗಡಿಯಲ್ಲಿ ಸೀರೆ ಪರೀಕ್ಷೆ ಮಾಡುತ್ತಿದ್ದರು. ಅವರಿಗೆ ಬರುತ್ತಿದ್ದ ಇಂಗ್ಲಿಷು ಒಂದೇ, ‘ಪಾಸ್’. ಸೀರೆ ಪಾಸ್, ಅಜ್ಜಿಯ ಹುಳಿ ಪಾಸ್, ನನ್ನ ಸೊಟ್ಟ ರಂಗೋಲಿಯೂ ಪಾಸ್. ಅವರು ಹಾಗನ್ನದೆ ಮನೆಯಲ್ಲಿ ಏನೂ ನಡೆಯುತ್ತಿರಲಿಲ್ಲ.

ಅಂದು ಸರೋಜತ್ತೆಯನ್ನು ನೋಡಲು ಗಂಡಿನವರು ಬಂದಿದ್ದರು. ಬಾಗಿಲ ಸಂದಿಯಿಂದ ಹುಡುಗನನ್ನು ನೋಡಿದ ಅತ್ತೆ ನನ್ನ ಕೈ ಹಿಂಡಿ, “ತಾತ ಪಾಸ್ ಅಂತಾರಾ, ಕೇಳಿಸ್ಕೊಂಡು ಬಾರೇ,” ಎಂದಳು.

ಹುಡುಗನ ಅಪ್ಪ, “ನೋಡಿ, ಮಗನ ಶಲ್ಯ ಅಪ್ಪಟ ರೇಷ್ಮೆ,” ಎಂದದ್ದೇ ತಡ, ತಾತ ಅಭ್ಯಾಸಬಲದಿಂದ ಅದರ ಅಂಚಿನ ಎಳೆಯೊಂದನ್ನು ಕಿತ್ತು ಬೆಂಕಿಕಡ್ಡಿ ಗೀರಿಯೇಬಿಟ್ಟರು. ಕಾಗದ ಸುಟ್ಟ ವಾಸನೆ ಬಂತು. ಅಜ್ಜಿ ಹಣೆ ಚಚ್ಚಿಕೊಂಡರು.

“ನಕಲಿ,” ಎಂದರು ತಾತ.

ಹುಡುಗನ ಅಪ್ಪನ ಮುಖ ಕಪ್ಪಿಟ್ಟಿತು. ಹುಡುಗ ಮಾತ್ರ ನಕ್ಕುಬಿಟ್ಟ. “ಹೌದು ಯಜಮಾನ್ರೆ, ನನ್ನ ಸಂಬಳಕ್ಕೆ ಸಿಗೋದು ಇದೇ. ನಿಮ್ಮ ಮಗಳಿಗೂ ಸದ್ಯಕ್ಕೆ ಇಂಥದ್ದೇ ತರೋದು. ಈಗ್ಲೇ ಹೇಳಿಬಿಡ್ತೀನಿ.”

ತಾತ ಅವನ ಬೆನ್ನು ತಟ್ಟಿ, “ಹುಡುಗ ಪಾಸ್!” ಎಂದರು.

ನಾನು ಒಳಗೋಡಿದೆ. ಬಾಗಿಲ ಹಿಂದೆಯೇ ನಿಂತಿದ್ದ ಅತ್ತೆಗೆ ಆಗಲೇ ಎಲ್ಲ ಕೇಳಿಸಿತ್ತು. ಗಂಡಿನವರಿಗೆಂದು ಇಟ್ಟಿದ್ದ ಕೊಬ್ಬರಿ ಮಿಠಾಯಿಯನ್ನು ಒಂದೂ ಬಿಡದೆ ನನ್ನ ಲಂಗದ ಮಡಿಲಿಗೆ ಸುರಿದುಬಿಟ್ಟಳು.