ಬ್ಯಾಜಿನ ಮೇಲಿನ ಲೋಬೊ

"ನೀವೂ ಲ್ಯಾಟಿನೋ, ಅಲ್ವಾ?" ಕೊಲ್ಲಿ ದೇಶದ ಮಿರ್ಕಾಬಿನ ಆಫೀಸಿಗೆ ಅವತ್ತೇ ಸೇರಿದ್ದ ಗ್ವಾಟೆಮಾಲಾದ ಮರಿಸೋಲ್, ಕಜೆಟನ್ ಲೋಬೊನ ಬ್ಯಾಜಿಗೆ ಬೆರಳು ತೋರಿಸಿ ಇಂಗ್ಲಿಷಿನಲ್ಲಿ ಕೇಳಿದಳು.

"ಅಲ್ಲಪ್ಪ, ನಾನು ಮಂಗಳೂರಿನವ, ಕೊಂಕಣಿ. ಹೆಸರು ಮಾತ್ರ ಪೋರ್ಚುಗೀಸರು ಕೊಟ್ಟದ್ದು."

"ನಮಗೂ ಹೆಸರು ಹಡಗಿನಲ್ಲೇ ಬಂತು," ಮರಿಸೋಲ್ ನಕ್ಕಳು. "ಸ್ಪೇನಿನವರ ಭಾಷೆ ಹುಟ್ಟಿದ್ದು ಲ್ಯಾಟಿನ್‌ನಿಂದ. ಅದನ್ನು ಆಡುವ ನಾವು ಲ್ಯಾಟಿನೋಗಳು. ನನ್ನಜ್ಜಿ ಆಡ್ತಿದ್ದದ್ದು ನಮ್ಮ ಮೂಲನಿವಾಸಿಗಳ ಮಾಯಾ ಭಾಷೆ. ಅಮ್ಮನಿಗೆ ಅರ್ಧ ಬರ್ತಿತ್ತು. ನನಗೆ ಒಂದಕ್ಷರವೂ ಬರಲ್ಲ."

"ನಮ್ಮದು ಹಾಗಲ್ಲ," ಕಜೆಟನ್ ಎದೆಯುಬ್ಬಿಸಿದ. "ನಾನೂರು ವರ್ಷ ಆಯ್ತು. ಹೆಸರು ಅವರದ್ದು, ನಾಲಿಗೆ ಇವತ್ತಿಗೂ ನಮ್ಮದೇ."

"ಹಾಗಾದ್ರೆ ಸ್ವಲ್ಪ ಕೇಳಿಸಿ, ನೋಡೋಣ."

ಕಜೆಟನ್ ಮನೆಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಮೊಬೈಲನ್ನು ಮೇಜಿನ ನಡುವೆ ಇಟ್ಟ. ಫೋನ್ ಎತ್ತಿದ್ದು ಹನ್ನೆರಡು ವರ್ಷದ ಮಗಳು ವೆಲಿಟಾ.

"ಜೆವ್ಲೆಂಗೀ ಬಾಯೆ?" ಊಟ ಆಯಿತೇ ಎಂದು ಅವನು ಗತ್ತಿನಿಂದ ಕೊಂಕಣಿಯಲ್ಲಿ ವಿಚಾರಿಸಿದ. ಮರಿಸೋಲ್ ಕಿವಿಗೊಟ್ಟು ಬಾಗಿದಳು.

ಆ ಕಡೆಯಿಂದ ಇಂಗ್ಲಿಷಿನಲ್ಲಿ ಉತ್ತರ ಬಂತು.

"ಡ್ಯಾಡಿ, ಮಮ್ಮಿ ಮನೇಲಿಲ್ಲ. ಕೊಂಕಣಿಯಲ್ಲಿ ಯಾರ ಹತ್ರ ಮಾತಾಡ್ತಾ ಇದ್ದೀರಿ?"