ಹದಿನೇಳನೇ ಸ್ಯಾಂಪಲ್

ಅವಸರದಲ್ಲಿ ಓದಬೇಡಿ... ಇದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಸುಧೀಂದ್ರ ಎಂಬ ವಿಜ್ಞಾನಿ. ಬೋರ್‌ವೆಲ್ ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿರುವ ಯುರೇನಿಯಂ ಅನ್ನು ಹೀರಿಕೊಳ್ಳುವ ಪುಡಿಯೊಂದನ್ನು ತೆಂಗಿನ ಚಿಪ್ಪಿನ ಇದ್ದಿಲಿನಿಂದ ತಯಾರಿಸುತ್ತಿದ್ದರು.

ಡ್ರಮ್ಮುಗಟ್ಟಲೆ ನೀರು ಹಾಯಿಸಿದರೆ ವಿಷವೆಲ್ಲ ಒಂದು ಚಮಚ ಪುಡಿಯಲ್ಲಿ ಬಂದು ಕೂರಬೇಕು...

ಅದಕ್ಕಾಗಿ ಕೋಲಾರದ ಕಡೆಯ ಹಳ್ಳಿಗಳಿಂದ ನಲವತ್ತು ಬೋರ್‌ವೆಲ್‌ಗಳ ನೀರು ಹಿಡಿದು ತಂದರು. ಬಾಟಲಿಯ ಮೇಲೆ ಮನೆಯವರ ಹೆಸರಿಲ್ಲ, ಬರೀ ನಂಬರ್. ಲ್ಯಾಬಿನ ಪದ್ಧತಿ ಅದು.

ಹದಿನೇಳನೇ ಸ್ಯಾಂಪಲ್‌ನಲ್ಲಿ ಯುರೇನಿಯಂ ಎಲ್ಲಕ್ಕಿಂತ ಜಾಸ್ತಿ ಇತ್ತು. "ಇಂಥ ನೀರೇ ಬೇಕಿತ್ತು" ಅಂತ ಲ್ಯಾಬಿನಲ್ಲಿ ಸಿಹಿ ಹಂಚಿದರಂತೆ!

ಸಂಶೋಧನೆಯ ಪೇಪರ್ ಪ್ರಕಟವಾಗುವ ತನಕ ಅಂಕಿಅಂಶ ಹೊರಗೆ ಬಿಡಬಾರದೆಂದು ರಿಪೋರ್ಟನ್ನು ಕಪಾಟಿನಲ್ಲಿಟ್ಟರು. ಓದಿದವರ ಬುದ್ಧಿ ನೋಡಿ!

ಎರಡು ವರ್ಷ ಕಳೆಯಿತು. ಪುಡಿ ಕೆಲಸ ಮಾಡಿತು. ದೊಡ್ಡ ಪ್ರಯೋಗಕ್ಕೆ ಅದೇ ನೀರು ಇಪ್ಪತ್ತು ಕ್ಯಾನ್ ಬೇಕಾಗಿ, ಹದಿನೇಳನೇ ನಂಬರಿನ ವಿಳಾಸವನ್ನು ರಿಜಿಸ್ಟರ್‌ನಲ್ಲಿ ಹುಡುಕಿ ಸುಧೀಂದ್ರ ಮತ್ತೆ ಆ ಮನೆಗೆ ಹೋದರು.

ಮನೆಯೊಡತಿ ನಾರಾಯಣಮ್ಮ ಗುರುತು ಹಿಡಿದರು.

"ಬನ್ನಿ ಸಾಮಿ, ನೀವಲ್ವಾ ನಮ್ ನೀರು ತಗೊಂಡೋಗಿ ಟೆಸ್ಟ್ ಮಾಡ್ಸಿದ್ದು?"

ಒಳಗೆ ಗೋಡೆಗೆ ಒರಗಿ ಒಬ್ಬಳು ಕೂತಿದ್ದಳು. ಮುಖ, ಕಾಲು ಊದಿಕೊಂಡಿದ್ದವು.

"ನನ್ ಮಗಳು ಸಾಮಿ. ಎರಡೂ ಕಿಡ್ನಿ ಹೋಗ್ಬಿಟ್ಟವೆ... ವಾರಕ್ಕೆರಡು ದಿನ ಡಯಾಲಿಸಿಸ್."

ಸುಧೀಂದ್ರ ಕೇಳಿದರು. "ಕುಡಿಯೋಕೆ... ಯಾವ ನೀರು?"

"ಇದೇ ಸಾಮಿ. ಮೊದ್ಲು ಒಂದು ಮೈಲಿ ನಡ್ಕೊಂಡೋಗಿ ಫಿಲ್ಟರ್ ನೀರು ತರ್ತಿದ್ವಿ. ನೀವು ಬಂದೋದ್ಮೇಲೆ ನಿಲ್ಲಿಸ್ಬಿಟ್ವಿ. ಕೆಟ್ಟ ನೀರಾಗಿದ್ರೆ ಓದಿದೋರು ನೀವು ಹೇಳ್ದೆ ಇರ್ತಿದ್ರಾ?"

ಹಾಗೆಂದು ಲೋಟ ತುಂಬಿ ತಂದರು. "ಬಿಸ್ಲಲ್ಲಿ ಬಂದಿದ್ದೀರ, ಕುಡೀರಿ."

ಲೋಟ ಎತ್ತಲು ಅವರಿಗೆ ಕೈ ಬರಲಿಲ್ಲ...

ಯುರೇನಿಯಂ ಕಿಡ್ನಿಗೆ ವಿಷ, ನಿಜ; ಆದರೆ ಆ ನೀರಿನಿಂದಲೇ ಕಾಯಿಲೆ ಬಂತೆಂದು ಯಾವ ಡಾಕ್ಟರೂ ಬರೆದುಕೊಡಲಾರರು. ಅಲ್ಲವೆಂದೂ ಹೇಳಲಾರರು. ಸುಧೀಂದ್ರ ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟರು.

ನಾರಾಯಣಮ್ಮ ಬೈಯಲಿಲ್ಲ, ಶಾಪ ಹಾಕಲಿಲ್ಲ. ಮಗಳ ಕಡೆಗೊಮ್ಮೆ ನೋಡಿ ಮೆಲ್ಲಗೆ ಕೇಳಿದರು.

"ಎರಡು ವರ್ಷದಿಂದ ಗೊತ್ತಿತ್ತಾ ಸಾಮಿ?"

ಆ ಪುಡಿಗೆ ಈಗ ಪ್ರಶಸ್ತಿ ಬಂದಿದೆ... ಮಗಳು ಇಲ್ಲ.

*ನಾವು ಬಾಯಿ ಮುಚ್ಚಿಕೊಂಡದ್ದನ್ನೇ ಒಳ್ಳೆಯ ಸುದ್ದಿ ಎಂದು ನಂಬುವ ಜನ ಇದ್ದಾರೆ.*

ಯಾರಿಗೋ ಇವತ್ತೇ ಹೇಳಬೇಕಾದ ಒಂದು ಮಾತನ್ನು ನೀವೂ ನಾಳೆಗೆಂದು ಎತ್ತಿಟ್ಟಿದ್ದೀರಾ...?